ಗಾಡಿ ಸಣ್ಣದಲ್ಲ, ಗಂಟು ದೊಡ್ಡದು!

ನಿಮ್ಮ ಯಜಮಾನರು ಒಂದು ಸಂಜೆ ಚಹಾ ಕುಡಿಯುತ್ತ ಕುಳಿತವರು ಇದ್ದಕ್ಕಿದ್ದಂತೆ, "ಇನ್ನ ಮೂರ ತಿಂಗಳ ಮನಿಗೆ ಕೀಲಿ ಹಾಕಿ ಊರೂರ ತಿರಗಿ ಬರೂಣು. ಗಾಡ್ಯಾಗ ಅಡಗಿ, ಗಾಡ್ಯಾಗ ನಿದ್ದಿ" ಎಂದರೆ ನೀವೇನು ಮಾಡುತ್ತೀರಿ? ನಾನು ಮೊದಲು ಒಲೆಯ ಮೇಲಿದ್ದ ಹಾಲು ಇಳಿಸಿದೆ. ಆಮೇಲೆ ಅವರ ಹಣೆ ಮುಟ್ಟಿ ನೋಡಿದೆ. ಜ್ವರವೇನೂ ಇರಲಿಲ್ಲ.

ನಮ್ಮದು ಅರಭಾವಿ. ಗೋಕಾಕದ ಕರದಂಟು ತಿಂದವರಿಗೆ, ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಇಳಿದವರಿಗೆ ನಮ್ಮೂರು ಗೊತ್ತಿದ್ದೀತು. ನಮ್ಮವರು ಹೈಸ್ಕೂಲ್ ಮಾಸ್ತರರಾಗಿದ್ದು 2022ರಲ್ಲಿ ನಿವೃತ್ತರಾದರು. ಮೂವತ್ತು ವರ್ಷ ಭೂಗೋಳ ಪಾಠ ಹೇಳಿದವರು. ಕನ್ಯಾಕುಮಾರಿಯನ್ನು ನಕಾಶೆಯಲ್ಲಿ ಕೋಲಿನಿಂದ ತೋರಿಸಿದ್ದೇ ತೋರಿಸಿದ್ದು, ಕಣ್ಣಿಂದ ನೋಡಿರಲಿಲ್ಲ. ಆ ಆಸೆ ಇದ್ದರೆ ತಪ್ಪೇನು? ಮಗ ಬೆಂಗಳೂರಿನಿಂದ ಫೋನು ಮಾಡಿ ತಂದೆಯ ಹುಮ್ಮಸ್ಸಿಗೆ ಇನ್ನಷ್ಟು ಎಣ್ಣೆ ಹೊಯ್ದ. "ಅಪ್ಪಾ, ಅದಕ್ಕ ಕ್ಯಾರವಾನ್ ಅಂತಾರ. ಕೇರಳದಾಗ 2021ರಾಗ ಸರಕಾರನ ಅದಕ್ಕೊಂದು ಯೋಜನಾ ಮಾಡೇತಿ. ನೀವ್ ಇಬ್ಬರ ಅಲ್ಲ, ಸಣ್ಣ ವ್ಯಾನ್ ಸಾಕ" ಎಂದ.

"ನೀವ್ ಇಬ್ಬರು." ಅವನೇನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಲ್ಲ. ಆದರೆ ನಮ್ಮ ಮನೆಯಲ್ಲಿರುವವರು ಇಬ್ಬರಲ್ಲ, ಮೂವರು. ಎಂಬತ್ತು ದಾಟಿದ ಅತ್ತೆಯವರು ಪಡಸಾಲೆಯ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಿದ್ದರು. ಫೋನಿನ ದನಿ ಜೋರಾಗಿತ್ತು. ಅವರು ತಲೆ ಎತ್ತದೆ, "ನಾ ಮನ್ಯಾಗ ಇರ್ತೇನ ಬಿಡವಾ. ನನ್ನ ಮಂಡಿ ಎಲ್ಲಿಗೂ ಬರಾಂಗಿಲ್ಲ. ಹೊತ್ತಿಗೊಂದ ರೊಟ್ಟಿ ಮೈದುನನ ಮನಿಯಿಂದ ಬಂದರ ಸಾಕ" ಎಂದರು. ಸುಲಿದ ಕಾಳನ್ನು ಸಿಪ್ಪೆಯ ಬುಟ್ಟಿಗೆ, ಸಿಪ್ಪೆಯನ್ನು ಕಾಳಿನ ಮರಕ್ಕೆ ಹಾಕುತ್ತಿದ್ದರು.

ಅದನ್ನು ನೋಡಿದಾಗ ನನಗೆ 1984 ನೆನಪಾಯಿತು.

ಚಕ್ಕಡಿಯಿಂದ ಇಳಿದವರು

ನಾನು ಮದುವೆಯಾಗಿ ಬಂದ ಮೊದಲ ವರ್ಷ. ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಸಡಗರ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಚಕ್ಕಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ತಾಡಪತ್ರಿ ಹೊದಿಸಿ, ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹಾಸಿದರೆ ಅದೇ ಎಂಟು ದಿನದ ಮನೆ. ಎತ್ತಿನ ಕೊರಳಿಗೆ ಗೆಜ್ಜೆಸರ, ಕೊಂಬಿಗೆ ಬಣ್ಣ. ದಾರಿಯಲ್ಲಿ ಒಂದು ರಾತ್ರಿ ವಸ್ತಿ, ಗುಡ್ಡದ ಬುಡದಲ್ಲಿ ಚಕ್ಕಡಿ ಬಿಟ್ಟು ಮೂರು ಕಲ್ಲಿನ ಒಲೆ. ಹೊಸ ಸೊಸೆಯಾದ ನನಗೆ ಹಿಂದಿನ ರಾತ್ರಿ ನಿದ್ದೆಯೇ ಬಂದಿರಲಿಲ್ಲ.

ಬೆಳಗಾಗುತ್ತ ಸಾಮಾನು ಏರಿಸಲು ಶುರುವಾಯಿತು. ಎತ್ತಿಗೆ ಹೊಟ್ಟಿನ ಚೀಲ ಎರಡು, ಜೋಳದ ಹಿಟ್ಟಿನ ಚೀಲ, ತಾಮ್ರದ ಹಂಡೆ, ಕಟಕ ರೊಟ್ಟಿಯ ಬುಟ್ಟಿ, ಮಾದಲಿಯ ಡಬ್ಬಿ, ಮಾವನವರ ಅಕ್ಕನ ಹಾಸಿಗೆ, ಅವರ ಮೊಮ್ಮಕ್ಕಳು. ಕೊನೆಗೆ ನಾನು ಹತ್ತಲು ಹೋದರೆ ಕಾಲಿಡಲೂ ಎಡೆಯಿಲ್ಲ. "ಮುಂದಿನ ವರ್ಷ ಬಂದ್ರಾತು ಬಿಡು, ಚಕ್ಕಡಿ ಸಣ್ಣದಾತು" ಎಂದರು ಮಾವನವರು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತೆ.

ಆಗ ಅತ್ತೆಯವರು ಚಕ್ಕಡಿಯಿಂದ ಇಳಿದರು. ಹರಕೆ ಹೊತ್ತವರೇ ಅವರು! "ಹೊಸಾ ಹುಡಗಿ ಒಬ್ಬಾಕಿ ಮನ್ಯಾಗ ಹೆಂಗಿರ್ತಾಳ? ನೀವು ಹೋಗಿ ಬರ್ರಿ" ಎಂದರು. ಚಕ್ಕಡಿ ಓಣಿ ತಿರುಗಿದ ಮೇಲೆ ನನ್ನ ಕಡೆ ನೋಡಿ ಮೆಲ್ಲಗೆ ಅಂದರು: "ಚಕ್ಕಡಿ ಸಣ್ಣದಲ್ಲವಾ, ಗಂಟ ದೊಡ್ಡದೈತಿ."

ಮುಂದೆ ಅತ್ತೆಯವರು ಬಸ್ಸಿನಲ್ಲಿ ಗುಡ್ಡಕ್ಕೆ ಹೋಗಿ ಬಂದಿದ್ದಾರೆ. ಆದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರುವುದೇ ಬೇರೆ, ಅಲ್ಲಿಯೇ ಗಾಡಿ ಬಿಟ್ಟು, ಅಲ್ಲಿಯೇ ಬೇಯಿಸಿ, ಅಲ್ಲಿಯೇ ಮಲಗುವುದೇ ಬೇರೆ. ಎತ್ತುಗಳು ಹೋದವು, ಚಕ್ಕಡಿಯ ಗಾಲಿ ಹಿತ್ತಲಲ್ಲಿ ಗೆದ್ದಲು ಹಿಡಿಯಿತು. ಆ ಮಾತು ಹಾಗೆಯೇ ಉಳಿಯಿತು.

ಆದ್ದರಿಂದ ಆ ರಾತ್ರಿ ನಾನು ಇವರಿಗೆ ಹೇಳಿದೆ: "ಗಾಡಿ ತಗೋರಿ, ಬ್ಯಾಡ ಅನ್ನೂದಿಲ್ಲ. ಆದರ ಅತ್ತಿಗೆ ಜಾಗಾ ಇರದ ಗಾಡಿ ನನಗೂ ಬ್ಯಾಡ." ಇವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಎಷ್ಟ ದೊಡ್ಡದ ಬೇಕ?" ಎಂದು ಕೇಳಿದರು.

ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಎರಡು ತಿಂಗಳು ಹಿಡಿಯಿತು. ನಾಳೆ ನಿಮ್ಮ ಮನೆಯಲ್ಲೂ ಇಂಥ ಮಾತು ಬಂದೀತು. ಆಗ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ದೊಡ್ಡದೋ, ಸಣ್ಣದೋ?

ಎರಡನೇ ಕೈ ವಾಹನ ತೆಗೆದುಕೊಂಡು ಒಳಗಡೆ ಬದಲಾಯಿಸಿಕೊಳ್ಳುವುದೆಂದು ಮೊದಲೇ ತೀರ್ಮಾನವಾಗಿತ್ತು. ನಮ್ಮ ಮುಂದೆ ಮೂರು ಗಾತ್ರಗಳಿದ್ದವು. ಒಂದು, ಊರಲ್ಲಿ ಶಾಲೆಯ ಮಕ್ಕಳನ್ನು ಒಯ್ಯುವಂಥ 12 ಅಡಿಯ ಸಣ್ಣ ವ್ಯಾನು. ಎರಡು, ಮದುವೆ ದಿಬ್ಬಣಕ್ಕೆ ಬರುವ ಟೆಂಪೋ ಟ್ರಾವೆಲರ್‌ಗಳಲ್ಲಿ ನಡುವಿನದು, ಹೊರಗಿನಿಂದ ಸುಮಾರು 18 ಅಡಿ. ಮೂರು, ಅದರದ್ದೇ ದೊಡ್ಡಣ್ಣ, 23 ಅಡಿ.

ದೊಡ್ಡ ಊರಿನ ಒಬ್ಬ ವ್ಯಾಪಾರಿ ನಮಗೆ 23 ಅಡಿಯದನ್ನೇ ಕಟ್ಟಲು ನೋಡಿದ. ಸೋಫಾ, ಟಿ.ವಿ., ಬಚ್ಚಲು, ನಾಲ್ಕು ಮಂದಿಗೆ ಹಾಸಿಗೆ. "ನೆಂಟರು ಬಂದರೆ ಬೇಕಲ್ಲ ಮೇಡಂ" ಎಂದ. ಬೀಗ ಹಾಕಿ ಊರು ಬಿಟ್ಟವರ ಮನೆಗೆ ನೆಂಟರು ಯಾರು ಬರುತ್ತಾರೆ? ಆದರೂ ಒಳಗೆ ಕಾಲಿಟ್ಟಾಗ ನನ್ನ ಮನಸ್ಸೂ ಜಾರಿತು, ಸುಳ್ಳೇಕೆ ಹೇಳಲಿ! ಮನೆಗೆ ಬಂದು ಇವರು 23 ಅಡಿಯ ಹಗ್ಗ ತಂದರು. ಇವರು ಒಂದು ತುದಿ, ನಾನು ಒಂದು ತುದಿ ಹಿಡಿದು ನಮ್ಮ ಓಣಿಯಲ್ಲಿ ನಡೆದೆವು. ಹಗ್ಗ ಬಿಗಿಯಾಗಿಯೇ ಇರಬೇಕು, ಸಡಿಲಾಗಬಾರದು ಎಂಬ ಕರಾರು. ಮೊದಲ ತಿರುವಿನಲ್ಲಿಯೇ ನಾನು ಪಕ್ಕದ ಮನೆಯ ತುಳಸಿಕಟ್ಟೆಗೆ ತಾಗಿದೆ! ಅದೇ ಹಗ್ಗವನ್ನು 18 ಅಡಿಗೆ ಗಂಟು ಹಾಕಿ ನಡೆದರೆ ತಿರುವು ಸಲೀಸು. ನಮ್ಮೂರ ಓಣಿಯಂಥವೇ ಅಲ್ಲವೇ ಕ್ಷೇತ್ರಗಳ ಹಳೇಪೇಟೆಗಳೆಲ್ಲ?

ಇವರು ಆಗ ಒಂದು ಸ್ವಾರಸ್ಯದ ಸಂಗತಿ ಹೇಳಿದರು. ವಿಹಾರಕ್ಕೆಂದೇ ಕ್ಯಾರವಾನ್ ಕಟ್ಟಿಸಿದವರಲ್ಲಿ ಮೊದಲಿಗನೆಂದು ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯನ ಹೆಸರು ಹೇಳುತ್ತಾರಂತೆ. 1885ರಲ್ಲಿ ಅವನು ಕಟ್ಟಿಸಿದ ಆ ಗಾಡಿಯೂ 18 ಅಡಿ. ಎಳೆಯಲು ಎರಡು ಕುದುರೆ. ಇಷ್ಟು ದೊಡ್ಡ ಗಾಡಿ ಬರುತ್ತಿದೆ, ದಾರಿ ಬಿಡಿ ಎಂದು ಸಾರಲು ಮುಂದೆ ಒಬ್ಬ ಆಳು ಮೂರು ಗಾಲಿಯ ಸೈಕಲ್ಲು ತುಳಿಯುತ್ತ ಹೋಗುತ್ತಿದ್ದನಂತೆ! "ನಮ್ಮದ 23 ಅಡಿ ಆದರ ಮುಂದ ಸೈಕಲ್ ತುಳ್ಯಾಕಿ ನೀನ" ಎಂದರು ಇವರು. ನಕ್ಕರೂ ಮಾತು ನಿಜ. ಗಾಡಿ ದೊಡ್ಡದಾದಷ್ಟೂ ಇಳಿದು ನಿಂತು "ಬರ್ರಿ, ಬರ್ರಿ, ಹಿಂದ ಬರ್ರಿ" ಎಂದು ಕೈ ಬೀಸುವವಳು ಮನೆಯಾಕೆಯೇ.

ಹಾಗಾದರೆ 12 ಅಡಿಯ ವ್ಯಾನು? ಡೀಸೆಲ್ಲು-ಪೆಟ್ರೋಲು ಉಳಿತಾಯ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಗಟ್ಟಿಮುಟ್ಟಾದ ಇಬ್ಬರು ಹದಿನೈದು ದಿನಕ್ಕೆ ಹೊರಟರೆ ಅದು ಧಾರಾಳ. ಆದರೆ ಒಳಗೆ ನೆಟ್ಟಗೆ ನಿಲ್ಲಲಾಗದು. ಒಂದು ವಾರ ಬಗ್ಗಿಕೊಂಡು ಸೀರೆ ಉಡಬಹುದು, ಮೂರು ತಿಂಗಳು ಆದೀತೇ? ದೀರ್ಘ ಪ್ರವಾಸಕ್ಕೆ ಹೊರಡುವ ತಾಯಂದಿರು ಉದ್ದಕ್ಕಿಂತ ಮೊದಲು ಎತ್ತರ ನೋಡಬೇಕು. ಒಳಗೆ ಆರು ಅಡಿಗಿಂತ ಕಡಿಮೆಯಿದ್ದರೆ ಬೇಡವೇ ಬೇಡ.

ಅಂಗಳದಲ್ಲಿ ರಂಗೋಲಿಯ ಗಾಡಿ

ನಡುವಿನದು ಸರಿ ಎಂದು ಮನಸ್ಸು ಹೇಳಿತು. ಆದರೆ ದುಡ್ಡು ಕೊಟ್ಟ ಮೇಲೆ ಪಶ್ಚಾತ್ತಾಪ ಪಡುವುದು ಬೇಡ, ಮೊದಲು ಇದ್ದು ನೋಡೋಣ ಎಂದೆ. ಎಲ್ಲಿ? ನಮ್ಮ ಅಂಗಳದಲ್ಲಿ!

ಚಾಲಕನ ಸೀಟಿನ ಹಿಂದೆ ನಮಗೆ ಸಿಗುವ ಜಾಗ 12 ಅಡಿ ಉದ್ದ, ಐದೂಮುಕ್ಕಾಲು ಅಡಿ ಅಗಲ. ಸೆಗಣಿ ಸಾರಿಸಿದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಅಷ್ಟೇ ಅಳತೆಯ ಚೌಕ ಎಳೆದೆ. ಬಾಗಿಲಿಗೆ ಎರಡೂವರೆ ಅಡಿ ಬಿಟ್ಟೆ. ಬಡಿಗೇರರು ಹಾಕಿಕೊಟ್ಟ ನಕ್ಷೆಯಂತೆ ಹಿಂದುಗಡೆ ಅತ್ತೆಯವರ ಹೊರಸು, ಮುಂದೆ ನಮ್ಮಿಬ್ಬರ ಹಾಸಿಗೆ, ಒಂದು ಬದಿಗೆ ಸ್ಟೋವ್ ಇಡುವ ಬೆಂಚು. ಒಂದೇ ನಿಯಮ: ಗೆರೆ ದಾಟಬಾರದು, ಬಾಗಿಲಿನಿಂದಲೇ ಓಡಾಡಬೇಕು.

ಬೀದಿಯವರಿಗೆ ಹಬ್ಬ. "ಮಾಸ್ತರ ಮನ್ಯಾಗ ಜಗಳ ಆಗೇತೇನ್ರಿ, ಎಲ್ಲಾರೂ ಅಂಗಳದಾಗ ಮಲಗ್ಯಾರ?" ಎಂದು ಹಾಲು ತರುವ ಹುಡುಗನೂ ಕೇಳಿದ.

ಬೆಳಿಗ್ಗೆ ಎದ್ದು ನೋಡಿದೆ. ಮೂರು ಕಡೆ ಗೆರೆ ಅಳಿಸಿತ್ತು. ಎಲ್ಲೆಲ್ಲಿ ಗೆರೆ ಅಳಿಸಿದೆಯೋ ಅಲ್ಲೆಲ್ಲ ನಮ್ಮ ಗಾಡಿ ಇಕ್ಕಟ್ಟು! ರಾತ್ರಿ ಎರಡು ಗಂಟೆಗೆ ಅತ್ತೆಯವರು ಬಚ್ಚಲಿಗೆ ಎದ್ದಿದ್ದರು. ಹಿಂದಿನಿಂದ ಬರಬೇಕಾದರೆ ನಮ್ಮನ್ನು ದಾಟಬೇಕು. ನಮ್ಮನ್ನು ಎಬ್ಬಿಸಬಾರದೆಂದು ಗೆರೆಯ ಹೊರಗೆ ಕಾಲಿಟ್ಟು ಸುತ್ತಿ ಹೋಗಿದ್ದರು. ಅಂಗಳದಲ್ಲಿ ಅದು ಗೆರೆ. ಗಾಡಿಯಲ್ಲಿ ಅದು ತಗಡಿನ ಗೋಡೆ.

ಮರುದಿನ ನಕ್ಷೆ ತಿರುಗಿಸಿದೆವು. ಅತ್ತೆಯವರ ಹಾಸಿಗೆ ಬಾಗಿಲಿನ ಎದುರಿಗೆ ಬಂತು, 6 ಅಡಿ ಉದ್ದ, ಎರಡೂಕಾಲು ಅಡಿ ಅಗಲ. ನಾವಿಬ್ಬರೂ ಹಿಂದೆ, ಗಾಡಿಗೆ ಅಡ್ಡಲಾಗಿ ಮಲಗುವುದು. ಇವರ ಎತ್ತರ 5 ಅಡಿ 7 ಇಂಚು; ಸರಿಯಾಗಿ ಹಿಡಿಸಿತು. ಆರಡಿಯ ಯಜಮಾನರಿದ್ದವರು ಹೀಗೆ ಅಡ್ಡ ಮಲಗಿಸಬೇಡಿ. ನಡುವೆ ಒಂದೂಮುಕ್ಕಾಲು ಅಡಿ ದಾರಿ. ಚಾಲಕನ ಸೀಟಿನ ಹಿಂದೆ ಎರಡು ಅಡಿಯಲ್ಲಿ ಪರದೆ ಕಟ್ಟಿ, ಔಷಧಿ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿ ಇಟ್ಟೆವು. ರಾತ್ರಿ ಅತ್ತೆಯವರು ನಾಲ್ಕು ಹೆಜ್ಜೆಯಲ್ಲಿ ಹೋಗಿ ಬರಬಹುದು, ಯಾರನ್ನೂ ದಾಟಬೇಕಾಗಿಲ್ಲ. ಎರಡನೆಯ ರಾತ್ರಿ ಒಂದೇ ಕಡೆ ಗೆರೆ ಅಳಿಸಿತ್ತು, ಅದು ನಾನು ಸ್ಟೋವಿನ ಮುಂದೆ ಕುಳಿತ ಜಾಗ. ಬೆಂಚನ್ನು ನಾಲ್ಕು ಇಂಚು ಸರಿಸಿದೆವು. ಮೂರನೆಯ ಬೆಳಿಗ್ಗೆ ಗೆರೆ ಎಳೆದಂತೆಯೇ ಇತ್ತು. ಅತ್ತೆಯವರು ಬಗ್ಗಿ ನೋಡಿ, "ನನ್ನ ಪಾಲಿನ ಗೋಡಿ ಗಟ್ಟಿ ಅದಾವು" ಎಂದು ನಕ್ಕರು. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅಂದು ಮಧ್ಯಾಹ್ನ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದರು.

ಕಬ್ಬಿನ ಗದ್ದೆಯ ಪಾಠ

ಜಾಗ ಸಿಕ್ಕಿತು, ಸರಿ. ಅದನ್ನು ಗಂಟುಗಳಿಂದ ತುಂಬಿದರೆ 1984ರ ಕತೆಯೇ ಮತ್ತೆ! ನನ್ನ ಯಾದಿ ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. ಮಿಕ್ಸಿ, ಇಡ್ಲಿ ಪಾತ್ರೆ, ಮೂರು ಗಾತ್ರದ ಕುಕ್ಕರ್, ಹದಿನೆಂಟು ಸೀರೆ.

ಆಗ ನವೆಂಬರ್ ತಿಂಗಳು. ಸಕ್ಕರೆ ಕಾರ್ಖಾನೆಗಳು ಶುರುವಾಗಿ ನಮ್ಮ ಸುತ್ತಿನ ಹೊಲಗಳಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಬೀಡುಬಿಟ್ಟಿದ್ದವು. ಮಹಾರಾಷ್ಟ್ರದ ಬೀಡ ಕಡೆಯಿಂದ, ನಮ್ಮ ವಿಜಯಪುರ ಕಡೆಯಿಂದ ಪ್ರತಿ ವರ್ಷ ಬರುವವರು. ಗಂಡ-ಹೆಂಡತಿಯ ಜೋಡಿಯನ್ನು ಒಂದು 'ಕೊಯ್ತಾ' ಎಂದು ಎಣಿಸುತ್ತಾರೆ, ಅಂದರೆ ಇಬ್ಬರೂ ಸೇರಿ ಒಂದು ಕುಡುಗೋಲು. ಐದಾರು ತಿಂಗಳ ಸಂಸಾರ ಒಂದು ಗಾಡಿಯಲ್ಲಿ ಬರುತ್ತದೆ, ಒಂದು ಗಾಡಿಯಲ್ಲಿ ಹೋಗುತ್ತದೆ. ಇಷ್ಟು ವರ್ಷ ಅವರನ್ನು ನೋಡಿಯೂ ನೋಡದಂತೆ ಇದ್ದ ನಾನು, ಆ ವರ್ಷ ಮಜ್ಜಿಗೆ ಕೇಳಲು ಬಂದ ಒಬ್ಬ ಹೆಣ್ಣುಮಗಳನ್ನು ಕಟ್ಟೆಯ ಮೇಲೆ ಕೂಡಿಸಿ, ಏನೇನು ತರುತ್ತೀಯವಾ ಎಂದು ಕೇಳಿದೆ.

ಅವಳು ಬೆರಳು ಮಡಚಿ ಎಣಿಸಿದಳು: ಹಂಚು ಒಂದು, ಪಾತೇಲಿ ಎರಡು, ಕೊಡ ಎರಡು, ಹಿಟ್ಟಿನ ಡಬ್ಬಿ, ಕೌದಿ. ಹಳೆಯ ಸೀರೆ ಹಗಲು ಮಗುವಿಗೆ ಜೋಕಾಲಿ, ರಾತ್ರಿ ಅದೇ ಹೊದಿಕೆ. ಹಿಟ್ಟಿನ ಡಬ್ಬಿಯ ಮೇಲೆ ಹಲಗೆ ಇಟ್ಟರೆ ಅದೇ ಕೂರುವ ಮಣೆ. ಮರಾಠಿ-ಕನ್ನಡ ಬೆರೆಸಿ ಅವಳು ಹೇಳಿದ ಮಾತು ಇದು: ದಿನಾ ಬೆಳಿಗ್ಗೆ ಇಳಿಸಿ ದಿನಾ ರಾತ್ರಿ ಏರಿಸಬೇಕಾದ ಸಾಮಾನು ತರಬೇಡಿ ಅಕ್ಕಾ, ಎಂಟು ದಿನಕ್ಕೆ ಅದು ಹೊರೆಯಾಗುತ್ತದೆ.

ನಾವು ಹೊರಟಿದ್ದು ಸಂತೋಷಕ್ಕೆ. ಅವಳು ಬಂದಿದ್ದು ಹೊಟ್ಟೆಪಾಡಿಗೆ. ನಮ್ಮ ಗಾಡಿಯ ಕಮೋಡ್ ಕುರ್ಚಿ, ಫ್ಯಾನು ಅವಳಿಗೆಲ್ಲಿ? ರಾತ್ರಿ ಅವಳು ಎದ್ದರೆ ಕತ್ತಲ ಕಬ್ಬಿನ ಗದ್ದೆಗೇ ಹೋಗಬೇಕು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಆದರೂ ಗಾಡಿಯಲ್ಲಿ ಸಂಸಾರ ಮಾಡುವ ವಿದ್ಯೆಯಲ್ಲಿ ಅವಳೇ ನನ್ನ ಗುರು. ಅಂದೇ ಯಾದಿ ಹರಿದು ಹೊಸದು ಬರೆದೆ. ಸೀರೆ ಹದಿನೆಂಟರ ಬದಲು ಆರು. ಕುಕ್ಕರ್ ಒಂದೇ, ಮೂರು ಲೀಟರಿನದು.

ಹೊರಡುವ ಮುಂಚೆ ಕೆಲವು ಲೆಕ್ಕ

ಇವನ್ನು ಕತ್ತರಿಸಿ ಅಡಿಗೆಮನೆಯ ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ನೀರು: ಒಬ್ಬರಿಗೆ ಇಷ್ಟೆಂದು ಬೇಡ, ದಿನಕ್ಕೆ ಇಷ್ಟೆಂದು ಅಳೆಯಿರಿ. ಮೂವರಿಗೆ ಕುಡಿಯಲು, ಅಡಿಗೆಗೆ, ಪಾತ್ರೆಗೆ, ಮುಖ ತೊಳೆಯಲು ನಮಗೆ 40 ಲೀಟರ್ ಬೇಕಾಯಿತು. ಸ್ನಾನ, ಬಟ್ಟೆ ಒಗೆಯುವುದು ಯಾತ್ರಿ ನಿವಾಸಗಳಲ್ಲಿ. 100 ಲೀಟರಿನ ಟಾಕಿ ಎರಡೂವರೆ ದಿನ ಬಂತು. ಇನ್ನೂ ದೊಡ್ಡ ಟಾಕಿ ಇಡಬಾರದೇಕೆ ಎನ್ನಬೇಡಿ, 100 ಲೀಟರ್ ನೀರೆಂದರೆ 100 ಕಿಲೋ ಭಾರ.

ಭಾರ: ಆರ್.ಸಿ. ಪುಸ್ತಕದಲ್ಲಿ ಗಾಡಿಯ ಒಟ್ಟು ತೂಕದ ಮಿತಿ ಬರೆದಿರುತ್ತದೆ. ಹಾಸಿಗೆ, ಕಪಾಟು, ನೀರು, ಜನ ಎಲ್ಲ ಸೇರಿ ಅದರೊಳಗೇ ಇರಬೇಕು. ನಾವು ಕಬ್ಬು ತೂಗುವ ಕಾಟಾದ ಮೇಲೆ ತುಂಬಿದ ಗಾಡಿ ನಿಲ್ಲಿಸಿ ತೂಗಿಸಿಕೊಂಡೆವು. ಕಪಾಟಿಗೆ ದಪ್ಪ ಸಾಗುವಾನಿ ಬೇಡ, ತೆಳು ಪ್ಲೈವುಡ್ ಸಾಕು. ಭಾರದ ಸಾಮಾನು ಯಾವಾಗಲೂ ಕೆಳಗೆ, ಗಾಲಿಗಳ ನಡುವೆ ಇರಲಿ. ಮೇಲೆ ಹೇರಿದರೆ ತಿರುವಿನಲ್ಲಿ ಗಾಡಿ ತೂಗಾಡುತ್ತದೆ.

ಕಾಗದ-ಪತ್ರ: ಒಳಗೆ ಬದಲಾವಣೆ ಮಾಡಿಸುವ ಮುಂಚೆ ಆರ್.ಟಿ.ಓ. ಕಚೇರಿಯ ಅನುಮತಿ ಪಡೆಯಿರಿ, ಬದಲಾವಣೆ ಆರ್.ಸಿ.ಯಲ್ಲಿ ನಮೂದಾಗಲಿ, ವಿಮೆಯವರಿಗೂ ತಿಳಿಸಿ. ಕಾರಿನ ಲೈಸೆನ್ಸಿನ ಮೇಲೆ ಒಟ್ಟು ತೂಕ 7,500 ಕಿಲೋ ಮೀರದ ವಾಹನ ಓಡಿಸಬಹುದು. ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಇದನ್ನು ಸ್ಪಷ್ಟಪಡಿಸಿದೆ. ನಮ್ಮ 18 ಅಡಿಯದು ಇದಕ್ಕಿಂತ ಬಹಳ ಹಗುರ.

ಗ್ಯಾಸು: 5 ಕಿಲೋ ಸಿಲಿಂಡರ್ ಸಾಕು. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್ ಇರಬೇಕು. ಬಾಗಿಲು, ಕಿಟಕಿ ತೆರೆದೇ ಅಡಿಗೆ ಮಾಡಿ. ಎಷ್ಟೇ ಚಳಿಯಿರಲಿ, ಮುಚ್ಚಿದ ಗಾಡಿಯೊಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಮಲಗಲೇಬೇಡಿ. ಅದರ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ.

ಮೆಟ್ಟಿಲು: ಗಾಡಿಯ ಮೊದಲ ಮೆಟ್ಟಿಲು ನೆಲದಿಂದ 16 ಇಂಚು ಎತ್ತರವಿತ್ತು. ಮಂಡಿ ನೋವಿನವರಿಗೆ ಅದು ಬೆಟ್ಟ. 8 ಇಂಚಿನ ಮರದ ಮಣೆಯೊಂದನ್ನು ಬಡಿಗೇರರಿಂದ ಮಾಡಿಸಿದೆವು. ಇಡೀ ಗಾಡಿಯಲ್ಲಿ ಅತಿ ಅಗ್ಗದ ಸಾಮಾನು ಅದು, ಅತಿ ಹೆಚ್ಚು ಉಪಯೋಗವಾದದ್ದೂ ಅದೇ.

ಬುತ್ತಿ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾದಲಿ. ಇವು ನಮ್ಮ ಹಿರಿಯರು ಚಕ್ಕಡಿಗೆಂದೇ ಕಂಡುಹಿಡಿದ ತಿನಿಸುಗಳೋ ಎನ್ನುವಂತೆ ಕೆಡದೆ ಉಳಿದವು. ನೂರು ರೊಟ್ಟಿ ಒಂದು ಸ್ಟೀಲ್ ಡಬ್ಬಿಯಲ್ಲಿ ಕೂತವು.

86 ದಿನ

2023ರ ಡಿಸೆಂಬರ್ 1ರಂದು ಹೊರಟೆವು. ಹಂಪಿ, ಶ್ರೀಶೈಲ, ತಿರುಪತಿ, ತಿರುವಣ್ಣಾಮಲೆ, ರಾಮೇಶ್ವರ, ಕನ್ಯಾಕುಮಾರಿ. ಅಲ್ಲಿಂದ ಕೇರಳದ ದಂಡೆ ಹಿಡಿದು ಕೊಲ್ಲೂರು, ಶೃಂಗೇರಿ, ಗೋಕರ್ಣ. ದಿನಕ್ಕೆ 150 ಕಿಲೋಮೀಟರಿಗಿಂತ ಹೆಚ್ಚು ಬೇಡ, ಕತ್ತಲಾದ ಮೇಲೆ ಓಡಿಸುವುದು ಬೇಡ ಎಂಬ ನನ್ನ ಕಟ್ಟಳೆಯನ್ನು ಇವರು ಬಹುಪಾಲು ಪಾಲಿಸಿದರು.

ಎಲ್ಲವೂ ಸರಾಗವಾಗಿ ಹೋಯಿತೆಂದರೆ ನೀವು ನಂಬಲಾರಿರಿ, ನಂಬಲೂ ಬೇಡಿ. ಹೊಸಪೇಟೆ ತಲಪುವಷ್ಟರಲ್ಲೇ ಆರು ಸೀರೆಯೂ ಹೆಚ್ಚೆನಿಸಿ, ಎರಡು ಸೀರೆ, ಇವರ ಭೂಗೋಳದ ಪುಸ್ತಕಗಳು, ಇಡ್ಲಿ ಪಾತ್ರೆ (ಹೌದು, ಕದ್ದು ಇಟ್ಟುಕೊಂಡಿದ್ದೆ!) ಎಲ್ಲ ಪಾರ್ಸೆಲ್ ಆಗಿ ಮನೆಗೆ ಹೋದವು. ರಾಮೇಶ್ವರದಲ್ಲಿ ಎರಡು ದಿನ ಮಳೆ. ಒಳಗೇ ಕುಕ್ಕರ್ ಇಟ್ಟರೆ ಆವಿಗೆ ಹಾಸಿಗೆಯೆಲ್ಲ ತೇವ. ಆಗ ಅನಿಸಿತು, ಇನ್ನೆರಡು ಅಡಿ ಇರಬೇಕಿತ್ತು. ಆದರೆ ಮರುದಿನ ಪೇಟೆಯಲ್ಲಿ ತಾಡಪತ್ರಿ ಕೊಂಡು ಬಾಗಿಲ ಮೇಲೆ ಚಪ್ಪರದಂತೆ ಕಟ್ಟಿದೆವು. ಬೇಕಾಗಿದ್ದ ಆರು ಅಡಿ ಹೊರಗೇ ಸಿಕ್ಕಿತು! ದೊಡ್ಡ ಗಾಡಿ ತೆಗೆದುಕೊಳ್ಳುವ ಮುಂಚೆ ನೀವೂ ಒಂದು ತಾಡಪತ್ರಿಯ ಬೆಲೆ ವಿಚಾರಿಸಿ.

ಒಂದು ಕೊರತೆ ಮಾತ್ರ ಯಾವ ತಾಡಪತ್ರಿಯಿಂದಲೂ ತುಂಬಲಿಲ್ಲ. ನಮ್ಮ ಗಾಡಿಯಲ್ಲಿ ಗಂಡ-ಹೆಂಡತಿ ಜಗಳವಾಡಲು ಜಾಗವಿರಲಿಲ್ಲ! ಮನೆಯಲ್ಲಾದರೆ ನಾನು ಅಡಿಗೆಮನೆಗೆ, ಇವರು ಕಟ್ಟೆಗೆ. ಇಲ್ಲಿ ಎಲ್ಲಿಗೆ ಹೋಗುವುದು? ಒಮ್ಮೆ ದಾರಿ ತಪ್ಪಿದ್ದಕ್ಕೆ ನಾವಿಬ್ಬರೂ ಸಿಡಿಮಿಡಿಗೊಂಡು ಕೂತಾಗ ಅತ್ತೆಯವರು ಮುಖದ ಮೇಲೆ ಸೆರಗು ಎಳೆದುಕೊಂಡು, "ನಾ ಮಲಗೇನಿ, ಜಗಳ ಮುಗಿಸಿ ಎಬ್ಬಸ್ರಿ" ಎಂದರು. ನಗದೆ ಇರಲಾದೀತೇ?

ಆಗುಂಬೆ ಘಾಟಿ ಹತ್ತುವಾಗ ನಮ್ಮ ಹಗ್ಗದ ಪರೀಕ್ಷೆ ನೆನಪಾಯಿತು. 14 ಕಡಿದಾದ ತಿರುವುಗಳು. ಭಾರೀ ವಾಹನಗಳನ್ನು ಅಲ್ಲಿ ಬಿಡುವುದೇ ಇಲ್ಲ. ನಮ್ಮದು ನಿಧಾನವಾಗಿ, ಒಂದು ಸಲವೂ ಹಿಂದೆ ಸರಿಯದೆ ಹತ್ತಿತು. ಮೇಲೆ ನಿಂತಾಗ ಇವರು ಹಣೆ ಒರೆಸಿಕೊಂಡು, "ತುಳಸಿಕಟ್ಟಿ ಉಳೀತು" ಎಂದರು.

ಫೆಬ್ರವರಿ 24, ಭಾರತ ಹುಣ್ಣಿಮೆ. ನಮ್ಮ ಕೊನೆಯ ಬೀಡು ಸವದತ್ತಿ. ಎಲ್ಲಮ್ಮನ ಗುಡ್ಡದ ಸುತ್ತ ಕಣ್ಣು ಹಾಯುವಷ್ಟು ದೂರ ಟ್ರ್ಯಾಕ್ಟರ್ ಟ್ರೇಲರುಗಳು, ಟೆಂಪೋಗಳು, ನಡುನಡುವೆ ಈಗಲೂ ಬಣ್ಣದ ಕೊಂಬಿನ ಎತ್ತು, ತಾಡಪತ್ರಿ ಹೊದ್ದ ಚಕ್ಕಡಿ. "ಉಧೋ ಉಧೋ" ಎನ್ನುವ ದನಿ, ಭಂಡಾರದ ಹಳದಿ. ಅವುಗಳ ನಡುವೆ ನಮ್ಮ 18 ಅಡಿಯ ಮನೆ ನಿಂತಿತು. ಅತ್ತೆಯವರು ಮಣೆಯ ಮೇಲೆ ಕಾಲಿಟ್ಟು ಇಳಿದು, ತಾವೇ ಮೂರು ಕಲ್ಲು ಹುಡುಕಿ ತಂದರು. "ಗ್ಯಾಸ್ ಐತಲ್ಲ ಅತ್ತಿ" ಎಂದೆ. "ಇರಲಿ ಬಿಡ, ಅದು ನಿಂದು. ಇದು ನಂದು" ಎಂದರು. ನಲವತ್ತು ವರ್ಷದ ಬಾಕಿ ಒಲೆ ಅದು. ಹೋಳಿಗೆ ಮಾಡಿ ಪಡಲಗಿ ತುಂಬಿಸಿದರು.

ರಾತ್ರಿ ಬಹಳ ಚಳಿ. ಪಕ್ಕದ ಟ್ರೇಲರಿನಲ್ಲಿ ಜನ ಕಿಕ್ಕಿರಿದಿದ್ದರು. ಒಬ್ಬ ಬಸುರಿ ಹೆಣ್ಣುಮಗಳು ಕಾಲು ಚಾಚಲು ಎಡೆಯಿಲ್ಲದೆ ಕೆಳಗೆ ಗಾಲಿಗೆ ಒರಗಿ ಕೂತಿದ್ದಳು. ನಾನು ನೋಡುವ ಮುಂಚೆಯೇ ಅತ್ತೆಯವರು ಬಾಗಿಲು ತೆರೆದು, "ಬಾರವ್ವಾ, ಇಲ್ಲಿ ಮಲಕೋ" ಎಂದು ತಮ್ಮ ಹಾಸಿಗೆ ಬಿಟ್ಟುಕೊಟ್ಟು, ನನ್ನ ಪಕ್ಕಕ್ಕೆ ಬಂದು ಮುದುಡಿಕೊಂಡರು. ಪಾಪ, ಇವರು ಆ ರಾತ್ರಿ ಚಾಲಕನ ಸೀಟಿನಲ್ಲಿ ಕೂತೇ ನಿದ್ದೆ ಮಾಡಿದರು!

ಓದುಗ ತಾಯಂದಿರೇ, ಗಾಡಿ ಎಷ್ಟು ಅಡಿಯದಿರಬೇಕು ಎಂದು ಕೇಳಿದರೆ ನಮಗೆ 18 ಸರಿಹೋಯಿತು, ನಿಮಗೆ 12 ಸಾಕಾಗಬಹುದು, ಮನೆ ತುಂಬ ಮಂದಿಯಿದ್ದರೆ 23 ಬೇಕಾಗಬಹುದು. ಅಂಗಡಿಯವರನ್ನು ಕೇಳುವ ಮುಂಚೆ ಅಂಗಳದಲ್ಲಿ ಗೆರೆ ಎಳೆದು ಮೂರು ರಾತ್ರಿ ಮಲಗಿ ನೋಡಿ. ನಿಮ್ಮ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಏಳುವವರು ಯಾರೋ ಅವರ ಕಾಲು ಹೇಳುತ್ತದೆ ಗಾಡಿಯ ಅಳತೆ. ಯಾರಾದರೂ "ನಾ ಮನ್ಯಾಗ ಇರ್ತೇನ ಬಿಡವಾ" ಎಂದರೆ ಗಾಡಿ ಬದಲಾಯಿಸುವ ಮುಂಚೆ ಗಂಟು ಬಿಚ್ಚಿ ನೋಡಿ.

ಅತ್ತೆಯವರು ಈಗಲೂ ಕಂಬಕ್ಕೆ ಒರಗಿ ಶೇಂಗಾ ಸುಲಿಯುತ್ತಾರೆ. ಮೊನ್ನೆ ಅಂಗಳಕ್ಕೆ ರಂಗೋಲಿ ಹಾಕುತ್ತಿದ್ದೆ. "ಏನವಾ, ಮತ್ತ ಗಾಡಿ ಬರೀಲಿಕ್ಹತ್ತಿಯೇನ?" ಎಂದು ಕೇಳಿದರು. ಅಲ್ಲ ಅತ್ತಿ, ಬರೇ ರಂಗೋಲಿ ಎಂದೆ. "ಕಾಶಿ ದೂರ ಐತಿ, ಬಾಗಲಾ ಮಾತ್ರ ನನ್ನ ಕಡೆ ಇರಲಿ" ಎಂದು ಮತ್ತೆ ಮರದ ಕಡೆ ತಿರುಗಿದರು.